ಹೆಚ್ಚುವರಿ ಚರ್ಮದ ವಿಲೇವಾರಿ

ಮನುಷ್ಯ ದಪ್ಪಗಿದ್ದರೆ ಜನ ಅವನನ್ನು ನೋಡಿ ನಗುತ್ತಾರೆ, ತೆಳ್ಳಗಾದರೆ ಮರುಗುತ್ತಾರೆ. ಎರಡರಲ್ಲಿ ಮೊದಲನೆಯದೇ ಮರ್ಯಾದಸ್ಥರ ನಡವಳಿಕೆ ಎಂಬುದು ನನ್ನ ಸ್ವಾನುಭವದ ತೀರ್ಮಾನ. ಆಂಧ್ರದ ಗಡಿಯೂರು ಆದೋನಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಾ ಕೂದಲು ನೆರೆಸಿಕೊಂಡವನು ನಾನು. ಸೇರಿದ ಎರಡನೇ ವರ್ಷದಿಂದಲೇ ನನಗೆ ‘ಲಾವು ಸಾರು’ ಎಂಬ ಬಿರುದು ಇದೆ. ಲಾವು ಎಂದರೆ ತೆಲುಗಿನಲ್ಲಿ ದಪ್ಪ. ಕನ್ನಡ ಮೇಷ್ಟ್ರಿಗೆ ತೆಲುಗು ಬಿರುದು ಕೊಡುವಷ್ಟು ಉದಾರಿಗಳು ನಮ್ಮ ಮಕ್ಕಳು. ಆ ಉದಾರತೆಗೆ ಪ್ರತಿಯಾಗಿ ನಾನು ಪ್ರತಿದಿನ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ನಿಂತು, ಒಳಗೆ ಬರುವ ಒಂಬತ್ತು ಮತ್ತು ಹತ್ತನೇ ತರಗತಿಯ ಗಂಡುಮಕ್ಕಳಿಗೆ “ಬಾಯಿ ತೆಗಿ” ಎಂದು ಆಜ್ಞಾಪಿಸಿ, ಗುಟ್ಕಾದ ಕುರುಹು ಏನಾದರೂ ಇದೆಯೋ ಎಂದು ಪರೀಕ್ಷಿಸುತ್ತಿದ್ದೆ. ಸಿಕ್ಕಿಬಿದ್ದವರಿಗೆ ಅಲ್ಲೇ ಹತ್ತು ನಿಮಿಷದ ಉಪನ್ಯಾಸ. ಅದರಲ್ಲಿ ಸಂಯಮ, ಚಾರಿತ್ರ್ಯ, ಹೆತ್ತವರ ಕಣ್ಣೀರು ಎಲ್ಲವೂ ಬರುತ್ತಿದ್ದವು.

ಇಂಥ ನನಗೆ ಸಕ್ಕರೆ ಕಾಯಿಲೆ ಬಂತು. ವೈದ್ಯರು ಬೈದರು. ಬೈಸಿಕೊಂಡು ಅಭ್ಯಾಸವಿಲ್ಲದ ನಾನು ಸೇಡಿಗೆ ಬಿದ್ದು ತೂಕ ಇಳಿಸಿದೆ. ಅನ್ನ ಬಿಟ್ಟೆ, ಒಂದೂವರೆ ಜೋಳದ ರೊಟ್ಟಿಗೆ ಇಳಿದೆ. ಸ್ಟೇಶನ್ ರೋಡಿನ ಬಂಡಿಯಲ್ಲಿ ಬಿಸಿ ಬಿಸಿ ಮಂಡಕ್ಕಿ ಉಗ್ಗಾಣಿಯ ಪಕ್ಕದಲ್ಲಿ ಮಿರ್ಚಿ ಬಜ್ಜಿ ಕೂತಿದ್ದರೂ, ಸನ್ಯಾಸಿಯಂತೆ ಮುಖ ತಿರುಗಿಸಿ ಕೋಟೆ ಬೆಟ್ಟ ಹತ್ತಿದೆ. ಎರಡು ವರ್ಷದಲ್ಲಿ ಐವತ್ತು ಕೆ.ಜಿ. ಹೋಯಿತು. ಐವತ್ತು ಕೆ.ಜಿ. ಎಂದರೆ ಒಂದು ಮೂಟೆ ಸಿಮೆಂಟು. ನನ್ನ ದುಃಖ ಇಷ್ಟೇ: ಸಿಮೆಂಟು ಹೋಯಿತು, ಚೀಲ ಉಳಿಯಿತು.

ಹೊಟ್ಟೆಯ ಚರ್ಮ ಒಣಗಹಾಕಿದ ಪಂಚೆಯ ಹಾಗೆ ಮಡಿಕೆ ಮಡಿಕೆಯಾಗಿ ತೊಡೆಯ ಮೇಲೆ ಜೋತುಬಿತ್ತು. ನಮ್ಮ ಕಡೆಯ ಬೇಸಿಗೆಯಲ್ಲಿ ಆ ಮಡಿಕೆಯೊಳಗೆ ಬೆವರು ನಿಂತು, ಕೆಂಪಾಗಿ, ಹುಣ್ಣಾಗಿ, ಪಾಠ ಮಾಡುವಾಗ ಸಂಧಿಗಿಂತ ನಂಜಿನ ಪೌಡರೇ ಹೆಚ್ಚು ನೆನಪಾಗುತ್ತಿತ್ತು. ಇನ್ನೊಂದು ಆಸೆಯೂ ಇತ್ತು, ಹೇಳಿಕೊಳ್ಳಲು ನಾಚಿಕೆ. ಆಯುಷ್ಯದಲ್ಲಿ ಒಮ್ಮೆಯಾದರೂ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ಬೆಲ್ಟು ಬಿಗಿದು, ಸ್ಟಾಫ್ ರೂಮಿನಲ್ಲಿ ಅತ್ತಿಂದಿತ್ತ ನಡೆಯಬೇಕೆಂದು. ನನ್ನ ಪ್ಯಾಂಟುಗಳನ್ನು ನಾಲ್ಕು ಸಲ ಹಿಡಿದು ಹೊಲಿದಿದ್ದ ದರ್ಜಿ ಖಾದರ್ ಭಾಯಿ ಐದನೇ ಸಲ ಟೇಪನ್ನು ಕೊರಳಿಗೆ ಹಾಕಿಕೊಂಡು, “ಕಪ್ಡಾ ಆದ್ರ ಹಿಡೀತೀನಿ ಸಾರ್. ಚಮ್ಡಾ ಮೇರಾ ಕಾಮ್ ನೈ” ಎಂದು ಕೈ ಮುಗಿದ.

ಚರ್ಮ ಯಾರ ಕೆಲಸವೋ ಅವರನ್ನು ಹುಡುಕಿ ಕರ್ನೂಲಿಗೆ ಹೋದೆ. ಸರ್ಜನ್ ಸಣ್ಣ ವಯಸ್ಸಿನವರು, ಮಾತೂ ಸಣ್ಣದು. ಆರು ತಿಂಗಳು ತೂಕ ಒಂದೇ ಸಮ ನಿಲ್ಲಬೇಕು, ಸಕ್ಕರೆ ಹಿಡಿತದಲ್ಲಿರಬೇಕು ಎಂದರು. ಎಲೆ ಅಡಿಕೆಯ ಜೊತೆಗಿನ ತಂಬಾಕನ್ನು ಮಾತ್ರ ಈ ಕ್ಷಣದಿಂದಲೇ ಬಿಡಬೇಕು. ತಂಬಾಕು ಚರ್ಮದ ರಕ್ತನಾಳಗಳನ್ನು ಮುದುಡಿಸುತ್ತದೆ, ಹೊಲಿದ ಅಂಚಿಗೆ ರಕ್ತ ಬಾರದಿದ್ದರೆ ಅದು ಕಪ್ಪಾಗಿ ಸಾಯುತ್ತದೆ, ಆಗ ಮತ್ತೆ ಕೊಯ್ಯಬೇಕಾಗುತ್ತದೆ ಎಂದರು. ಊಟದ ನಂತರ ಒಂದು ಚಿಟಿಕೆ ತಂಬಾಕು ನನ್ನ ಮೂವತ್ತು ವರ್ಷದ ಹವ್ಯಾಸ. ಮಕ್ಕಳದು ಚಟ, ನನ್ನದು ಹವ್ಯಾಸ. ನಾನು ಸಂಧಿ ವಿವರಿಸುವಾಗ ಹಿಂದಿನ ಬೆಂಚಿನವರು ಹೇಗೆ ತಲೆ ಆಡಿಸುತ್ತಾರೋ ಹಾಗೆ ಆಡಿಸಿ ಎದ್ದು ಬಂದೆ.

ಆರು ತಿಂಗಳು ಕಳೆದು ಆಪರೇಶನ್ನಿನ ದಿನ ಗೊತ್ತಾಯಿತು. ಊರಿಗೆ ಮಾತ್ರ ಹರ್ನಿಯಾ ಆಪರೇಶನ್ ಎಂದು ಪ್ರಕಟಿಸಿದೆ. ಮೇಷ್ಟ್ರು ಹೊಟ್ಟೆಯ ತೊಗಲು ಕತ್ತರಿಸಿಕೊಳ್ಳಲು ಹೋಗಿದ್ದಾರೆಂದರೆ ಆದೋನಿ ಒಂದು ವರ್ಷ ಬೇರೆ ಕೆಲಸ ಮಾಡುವುದಿಲ್ಲ. ನಿಜ ಗೊತ್ತಿದ್ದದ್ದು ಮೂವರಿಗೆ: ಹೆಂಡತಿ ಗಂಗಮ್ಮ, ನಮ್ಮ ಲೆಕ್ಕದ ಮೇಷ್ಟ್ರು ಹನುಮಂತ ರೆಡ್ಡಿ, ಮತ್ತು ನನ್ನ ಮಾವ ಬೀರಪ್ಪನವರು.

ಮಾವನವರ ಪರಿಚಯ ಇಲ್ಲೇ ಮಾಡಿಕೊಡಬೇಕು. ಊರು ದೇವನಕೊಂಡದ ಹತ್ತಿರ. ವಯಸ್ಸು ಎಂಬತ್ತರ ಆಸುಪಾಸು. ಬುದ್ಧಿ ಬಂದಾಗಿನಿಂದ ಕುರಿಗಳ ಜೊತೆ ಇದ್ದವರು. ಮನುಷ್ಯರ ವಿಷಯದಲ್ಲೂ ಅವರ ಪ್ರಮಾಣ ಗ್ರಂಥ ಕುರಿಯೇ. ಆಪರೇಶನ್ ಆದ ಮರುದಿನ, ನಾನು ಎರಡೂ ಪಕ್ಕದಲ್ಲಿ ನೀರಿಳಿಯುವ ನಳಿಗೆ ಸಿಕ್ಕಿಸಿಕೊಂಡು, ಮೊಣಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು ಮಲಗಿದ್ದಾಗ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದರು. ನನ್ನನ್ನು ಮಾತನಾಡಿಸಲಿಲ್ಲ. ರೌಂಡ್ಸಿಗೆ ಬಂದಿದ್ದ ಸರ್ಜನ್‌ರನ್ನು ನೇರವಾಗಿ ಕೇಳಿದರು.

“ತೊಗಲು ಎಲ್ಲೈತ್ರಿ, ಡಾಕ್ಟರ್ ಸಾಬ್ರೆ?”

ಸರ್ಜನ್‌ಗೆ ಕನ್ನಡ ಬಾರದು. ಮಾವನವರು ಅದನ್ನೇ ತೆಲುಗಿಗೆ ತಿರುಗಿಸಿದರು. ಅದನ್ನು ನಿಯಮದ ಪ್ರಕಾರ ಸುಡಲು ಕಳಿಸಿಯಾಯಿತು ಎಂದು ಡಾಕ್ಟರು ಹೇಳಿ ಮುಂದಿನ ಮಂಚಕ್ಕೆ ಹೋದರು. ಮಾವನವರು ನನ್ನ ಕಡೆ ತಿರುಗಿದರು.

“ಅಳಿಯಂದ್ರ, ನಮ್ಮ ಕಡಿ ಕುರಿ ಕೊಯ್ಯಾಕ ಬಂದಾವಗ ಕೂಲಿಯರ ಕೊಡ್ತೀವಿ, ಇಲ್ಲಾ ತೊಗಲರ ಕೊಡ್ತೀವಿ. ಈತ ಕೂಲಿನೂ ತಗಂಡಾನ, ತೊಗಲೂ ತಗಂಡಾನ. ಓದಿದಾವರು ನೀವು, ಮೊದಲ ಮಾತಾಡಬಾರದ?”

“ಮಾವ, ಇದು ಮನುಷ್ಯರ ತೊಗಲು” ಎಂದೆ.

“ಯಾರದರ ಆಗಲಿ. ಐವತ್ತು ವರ್ಷ ನೀವ ಮೇಯಿಸಿದ್ದಲ್ಲ?”

ನಗು ಬಂತು. ನಗುವುದು ನಿಷಿದ್ಧವಾಗಿತ್ತು, ನಕ್ಕರೆ ಈ ಸೊಂಟದಿಂದ ಆ ಸೊಂಟದವರೆಗಿನ ಹೊಲಿಗೆಯೆಲ್ಲ ಒಟ್ಟಿಗೆ ಪ್ರತಿಭಟಿಸುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಬಾಯಿ ಮುಚ್ಚಿದೆ. ಅಳಿಯನಿಗೆ ಪಶ್ಚಾತ್ತಾಪವಾಗಿದೆ ಎಂದು ಮಾವನವರು ಸಮಾಧಾನಪಟ್ಟರು.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ, ನೋಡಲು ಬರುವವರ ಮೆರವಣಿಗೆ. ಹೊಟ್ಟೆಗೆ ಅಂಗೈ ಅಗಲದ ಬಿಗಿ ಬೆಲ್ಟು ಕಟ್ಟಿಕೊಂಡು, ಬಿದ್ದ ನಾಣ್ಯ ಹುಡುಕುವವನಂತೆ ಬಗ್ಗಿ ನಡೆಯುತ್ತಿದ್ದ ನನ್ನ ಮುಂದೆ ಪ್ರತಿಯೊಬ್ಬನೂ ತನ್ನ ಹರ್ನಿಯಾದ ಪುರಾಣ ಬಿಚ್ಚಿದ. ನಿವೃತ್ತ ಡ್ರಿಲ್ ಮಾಸ್ತರರಂತೂ ನಮ್ಮ ಪಡಸಾಲೆಯಲ್ಲೇ ಪಂಚೆ ಸಡಿಲಿಸಿ ತಮ್ಮ ಗುರುತು ತೋರಿಸಿದರು; ಗಂಗಮ್ಮ ಚಹಾದ ತಟ್ಟೆಯೊಂದಿಗೆ ಹಾಗೇ ಹಿಂದಕ್ಕೆ ನಡೆದಳು. ಬಂದವರೆಲ್ಲ “ಎಷ್ಟು ಬಡಕಲಾಗೀರಿ ಸಾರ್, ಏನರ ತಿನ್ರಿ” ಎಂದು ಬ್ರೆಡ್ಡು, ಬಾಳೆಹಣ್ಣು, ಸೇಬು ಪೇರಿಸಿ ಹೋದರು. ಎರಡು ವರ್ಷ ಪಟ್ಟ ಪಾಡಿನಿಂದ ಇಳಿಸಿದ್ದನ್ನು ಎರಡು ವಾರದಲ್ಲಿ ಮತ್ತೆ ಹತ್ತಿಸುವುದೆಂದು ಊರು ನಿರ್ಣಯ ಮಾಡಿದಂತಿತ್ತು.

ಮೂರನೇ ವಾರ ಗಾಯದ ಬಲಗಡೆಯ ಮೂಲೆ ಕಪ್ಪಾಯಿತು. ಆಮೇಲೆ ಹೆಬ್ಬೆರಳಿನಷ್ಟು ಬಾಯಿ ಬಿಟ್ಟಿತು. ಕರ್ನೂಲಿಗೆ ಹೋದೆವು. ಸರ್ಜನ್ ಬಹಳ ಹೊತ್ತು ನೋಡಿದರು. ಹತ್ತು ದಿನ ಡ್ರೆಸಿಂಗ್ ಮಾಡಿಸಿ, ಕಪ್ಪು ಹರಡಿದರೆ ಮತ್ತೆ ಟೇಬಲ್ಲಿಗೆ ಬರಬೇಕಾಗುತ್ತದೆ ಎಂದರು. “ತಂಬಾಕು?” ಎಂದು ಕೇಳಿದರು. ನಾನು ನೊಂದವನಂತೆ ಅವರ ಮುಖ ನೋಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಗಂಗಮ್ಮ, ಎಮ್ಮಿಗನೂರು ದಾಟಿದ ಮೇಲೆ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಕ್ಕರೆಯ ಮೈ; ಎರಡನೇ ಸಲ ಕೊಯ್ದರೆ ಏನೋ ಎಂತೋ ಎಂದು ನನಗೂ ಒಳಗೊಳಗೇ ದಿಗಿಲು.

ಭಯವಾದಾಗ ನಾನು ವಿಚಾರಣಾ ಆಯೋಗ ರಚಿಸುತ್ತೇನೆ. ಆರೋಪಿಗಳಿಗೆ ಬರವಿರಲಿಲ್ಲ. ಹನುಮಂತ ರೆಡ್ಡಿ: ದಿನಾ ಬಂದು ನಗಿಸುತ್ತಾನೆ, ಹೊಲಿಗೆ ಜಗ್ಗದೆ ಏನು ಮಾಡೀತು? ಡ್ರಿಲ್ ಮಾಸ್ತರರು: ಅಂಥ ದೃಶ್ಯ ನೋಡಿದ ಮೇಲೆ ಯಾವ ಗಾಯ ತಾನೇ ಉತ್ಸಾಹದಿಂದ ಕೂಡೀತು? ಗಂಗಮ್ಮ: ದೃಷ್ಟಿ ತೆಗೆಯುತ್ತೇನೆಂದು ಕೆಂಡಕ್ಕೆ ಮೆಣಸಿನಕಾಯಿ ಹಾಕಿ, ನಾನು ಅರ್ಧ ಗಂಟೆ ಕೆಮ್ಮುವಂತೆ ಮಾಡಿದವಳು. ಒಬ್ಬೊಬ್ಬರ ಮೇಲೂ ತೀರ್ಪು ಬರೆದೆ. ಮಲಗಿದಲ್ಲಿಂದಲೇ ಓದಿ ಹೇಳಿದೆ.

ನಾಲ್ಕನೆಯ ದಿನ ಮಾವನವರು ಮತ್ತೆ ಬಂದರು. ಮಗಳು ಅಳುತ್ತಾ ಎಲ್ಲ ಹೇಳಿದಳು. ಗಾಯ ತೋರಿಸಲೆಂದು ನಾನು ಅಂಗಿ ಎತ್ತತೊಡಗಿದೆ.

“ಗಾಯ ಬ್ಯಾಡ್ರಿ” ಎಂದರು ಮಾವನವರು. “ಉಣ್ಣೆ ಕತ್ತರಸಾಗ ಕುರಿಗೆ ಕತ್ತರಿ ತಾಗತೈತಿ. ಎಂಟು ದಿನಕ್ಕ ಮಾಯತೈತಿ. ಮಾಯಲಿಲ್ಲಂದ್ರ ನಾವು ಗಾಯ ನೋಡಂಗಿಲ್ಲ, ಏನು ಮೇದು ಬಂದೈತಿ ಅಂತ ನೋಡ್ತೀವಿ. ಎಲ್ಲಿ, ಬಾಯಿ ತೆಗಿರಿ.”

“ಮಾವ, ನಾನು—”

“ತೆಗಿರಿ ಅಂದ್ನಿ.”

ಕುರಿಯ ದವಡೆ ಹಿಡಿದು ಹಿಡಿದು ಪಳಗಿದ ಕೈ. ಎಡಗೈ ನನ್ನ ಗದ್ದ ಹಿಡಿಯಿತು, ಬಲಗೈ ಹೆಬ್ಬೆರಳು ಕೆಳತುಟಿಯನ್ನು ಮಡಚಿತು. ಮೂವತ್ತು ಬ್ಯಾಚು ಮಕ್ಕಳ ಬಾಯಿ ನೋಡಿದ ಕನ್ನಡ ಪಂಡಿತ, ಕಿಟಕಿಯ ಬೆಳಕಿಗೆ ಮುಖ ಮಾಡಿ, ಬಾಯಿ ತೆರೆದು ನಿಂತಿದ್ದೆ. ಮಾವನವರು ಮೂಗು ಹತ್ತಿರ ತಂದು ಒಮ್ಮೆ ಮೂಸಿದರು.

“ಗಂಗೀ, ಈಗಿಂದೀಗ ಮೇದಾನವ್ವ. ಮೈಮ್ಯಾಲ ಎಲ್ಲೋ ಇಟ್ಟಾನ, ನೋಡು.”

ಗಂಗಮ್ಮ ನೋಡಿದಳು. ಬೆಲ್ಟಿನ ಪಟ್ಟಿ ಚರ್ರೆಂದು ಬಿಚ್ಚಿದಳು. ಗಾಯ ಕೂಡಲೆಂದು ಸರ್ಜನ್ ಕೊಟ್ಟಿದ್ದ ಬೆಲ್ಟಿನ ಒಳಗಿನಿಂದ, ಅದೇ ಬಲಗಡೆಯಿಂದ, ತಂಬಾಕಿನ ಪೊಟ್ಟಣ ನೆಲಕ್ಕೆ ಬಿತ್ತು. ಅದು ಆಪರೇಶನ್ ಆದ ಹನ್ನೆರಡನೆಯ ದಿನ ಹನುಮಂತ ರೆಡ್ಡಿಯ ಸೇಬಿನ ಚೀಲದ ತಳದಲ್ಲಿ ಬಂದದ್ದು. “ವದ್ದು ಸಾರ್, ಬ್ಯಾಡ್ರಿ” ಎಂದು ಆತ ಅಂಗಲಾಚಿದ್ದ. ಹೊಟ್ಟೆಯ ಗಾಯಕ್ಕೂ ಬಾಯಿಗೂ ಎಲ್ಲಿಯ ಸಂಬಂಧ ಎಂದು ನಾನೇ ಅವನಿಗೆ ತರ್ಕ ಹೇಳಿ ತರಿಸಿಕೊಂಡಿದ್ದೆ. ಆಯೋಗದ ವರದಿಯಲ್ಲಿ ಈ ಒಂದು ಸಂಗತಿಯನ್ನು ಸೇರಿಸುವುದು ಮರೆತುಹೋಗಿತ್ತು, ಅಷ್ಟೇ.

ಬೈಗುಳಕ್ಕೆ ಕಾದು ನಿಂತೆ. ಗಂಗಮ್ಮ ಬೈಯಲಿಲ್ಲ. ಪೊಟ್ಟಣ ಎತ್ತಿಕೊಂಡು, “ಮೆಣಸಿನಕಾಯಿ ಹೊಗೀಲೆ ಗಾಯ ಬಿರಿತು ಅಂದ್ರಲ್ರಿ” ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳು ಬೈದಿದ್ದರೆ ಎಷ್ಟೋ ವಾಸಿ.

ಮಾವನವರು ಕಂಬಳಿ ಹಾಸಿ ಬಾಗಿಲಲ್ಲೇ ಕೂತರು. ಉಳಿದ ಆರು ದಿನ ಹೊಸಿಲು ದಾಟಿ ಒಂದು ಸೇಬೂ ಅವರ ತಪಾಸಣೆಯಿಲ್ಲದೆ ಒಳಗೆ ಬರಲಿಲ್ಲ. ಕಪ್ಪು ಹರಡಲಿಲ್ಲ. ನಿಧಾನಕ್ಕೆ ಕೆಂಪು ಚಿಗುರಿತು, ಎರಡು ತಿಂಗಳಿಗೆ ಗಾಯ ಮಾಯಿತು. ಸರ್ಜನ್ ಹಾಕಿದ ನೇರ ಗೆರೆಯ ಬಲ ತುದಿಯಲ್ಲಿ ನನ್ನ ಸ್ವಂತ ಕೈಬರಹದ ಒಂದು ಸೊಟ್ಟ ಗುರುತು ಉಳಿದಿದೆ.

ಈಗ ಅಂಗಿ ಒಳಗೆ ಸೇರಿಸಿ, ಬೆಲ್ಟು ಬಿಗಿದು ಶಾಲೆಗೆ ಹೋಗುತ್ತೇನೆ. ಮಕ್ಕಳು ಈಗಲೂ ಲಾವು ಸಾರು ಎಂದೇ ಕರೆಯುತ್ತಾರೆ. ಗೇಟಿನ ತಪಾಸಣೆಯನ್ನು ಹನುಮಂತ ರೆಡ್ಡಿಗೆ ವಹಿಸಿದ್ದೇನೆ, ಆರೋಗ್ಯದ ಕಾರಣ ಕೊಟ್ಟು. ಮಾವನವರು ಊರಿಗೆ ಹೋಗುವಾಗ ತಮ್ಮ ವಿದ್ಯೆಯನ್ನು ಮಗಳಿಗೆ ಧಾರೆ ಎರೆದು ಹೋದರು. ಸಂಜೆ ಮನೆಗೆ ಬಂದರೆ ಗಂಗಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ. ಉಪನ್ಯಾಸವಿಲ್ಲ, ಚಾರಿತ್ರ್ಯವಿಲ್ಲ, ಹೆತ್ತವರ ಕಣ್ಣೀರಿಲ್ಲ. ನಾನು ಚಪ್ಪಲಿ ಬಿಟ್ಟು, ಅಂಗಿ ಸರಿಪಡಿಸಿಕೊಂಡು, ಬೆಳಕಿನ ಕಡೆ ತಿರುಗಿ, ಅವಳು ಕೇಳುವ ಮೊದಲೇ ಬಾಯಿ ತೆಗೆಯುತ್ತೇನೆ.