ಟಬೆಬುಯಾ ಮರದಡಿ ಆರು ಬೆಳಗು

ಕ್ಯಾಮೆರಾ ಹಿಡಿದು ಜಯನಗರದ ಬೀದಿಯಲ್ಲಿ ನಿಂತವನನ್ನು ಜನ ಸುಮ್ಮನೆ ಬಿಡುವುದಿಲ್ಲ, ಇದು ನನ್ನ ಅನುಭವ. ನಮ್ಮ ಬಡಾವಣೆ ಸಂಘದವರು ಯುಗಾದಿಗೆ ಕ್ಯಾಲೆಂಡರ್ ತರುತ್ತಾರೆ. ಹೋದ ವರ್ಷ ನಾನು ಕೊಟ್ಟ ಫೋಟೋವನ್ನು ಮರಕ್ಕಿಂತ ಕೇಬಲ್ಲೇ ಜಾಸ್ತಿ ಎಂದು ವಾಪಸ್ ಮಾಡಿದ್ದರು. ಆ ಅವಮಾನ ಇನ್ನೂ ಆರಿರಲಿಲ್ಲ. ಈ ಸಲ ಪಕ್ಕದ ರಸ್ತೆಯ ಟಬೆಬುಯಾ ಎಲೆಯೇ ಕಾಣದಂತೆ ಗುಲಾಬಿ ಬಣ್ಣದ ಹೂ ಬಿಟ್ಟಿತ್ತು. ಹೂ ಇರುವುದು ಒಂದೇ ವಾರ. ಏಳು ಗಂಟೆಯ ಎಳೆಬಿಸಿಲು ಅದರ ಮೇಲೆ ಬೀಳುವುದು ಹತ್ತೇ ನಿಮಿಷ. ಫ್ಲ್ಯಾಶು ಗಿಶು ನನಗಾಗದು.

ಗುಡ್ಡೆ

ಮೊದಲ ದಿನ ನಾನು ಹೋಗುವಷ್ಟರಲ್ಲಿ ಪೌರಕಾರ್ಮಿಕ ಅಕ್ಕ ಬಿದ್ದ ಹೂವನ್ನೆಲ್ಲ ಗುಡಿಸಿಬಿಟ್ಟಿದ್ದರು. ನೆಲದ ಮೇಲಿನ ಹೂವೇ ಫೋಟೋದ ಜೀವ ಎಂದು ವಿವರಿಸಿ, ನಾಳೆ ಒಂದು ದಿನ ಹೂ ಬಿಡಿ ಎಂದು ಕೇಳಿಕೊಂಡೆ. ಪಾಪ, ಒಪ್ಪಿದರು. ಮರುದಿನ ನೋಡಿದರೆ ರಸ್ತೆ ಲಕಲಕ ಅನ್ನುತ್ತಿದೆ, ಮರದ ಬುಡದಲ್ಲಿ ಹೂವಿನ ದೊಡ್ಡ ಗುಡ್ಡೆ.

"ಅಲ್ಲಿ ಇಲ್ಲಿ ಹುಡುಕೋದು ಬೇಡ ಅಂತ ಎಲ್ಲಾ ಒಂದೇ ಕಡೆ ಹಾಕಿದೀನಿ ಸಾರ್. ಆರಾಮಾಗಿ ತೆಕ್ಕೊಳ್ಳಿ," ಎಂದರು.

ಸಾಕ್ಷಿ

ಮೂರನೇ ದಿನ ನೆಲದ ತುಂಬ ಹೂವಿತ್ತು, ಹೂವಿನ ಮೇಲೊಂದು ಕಾರಿತ್ತು. ಎದುರುಮನೆಯ ಯಜಮಾನರದು. ನನ್ನ ಕ್ಯಾಮೆರಾ ನೋಡಿದ್ದೇ ಅವರು ಓಡಿ ಬಂದು, ಅಂತೂ ಕಾರ್ಪೊರೇಷನ್‌ನವರು ಬಂದ್ರಲ್ಲ ಎಂದು ಕೈಮುಗಿದರು. ಹೂ ಬಿದ್ದು ಕಾರು ಹಾಳಾಗುತ್ತಿದೆ, ಮರ ಕಡಿಸಿ ಎಂದು ಅರ್ಜಿ ಕೊಟ್ಟು ಎರಡು ವರ್ಷವಾಯಿತಂತೆ. ನಾನು ಆ ಪೈಕಿ ಅಲ್ಲ ಎಂದದ್ದು ಅವರ ಕಿವಿಗೆ ಬೀಳಲಿಲ್ಲ. ಹೋಗಲಿ, ಕಾರಾದರೂ ಸ್ವಲ್ಪ ಪಕ್ಕಕ್ಕೆ ತೆಗೆಯಿರಿ ಎಂದೆ.

"ಕಾರ್ ತೆಗೆದ್ರೆ ಸಾಕ್ಷಿ ಎಲ್ಲಿರುತ್ತೆ ಸಾರ್?" ಎಂದರು.

ಕವರು

ಮುಂದಿನ ಎರಡು ದಿನ ಮೋಡ. ಆರನೇ ದಿನ ಕಾರಿಲ್ಲ, ಪೊರಕೆ ಬಂದಿಲ್ಲ, ಬಿಸಿಲು ಮೆಲ್ಲಗೆ ಮರಕ್ಕೆ ಇಳಿಯುತ್ತಿದೆ. ಖುಷಿಯಿಂದ ಕ್ಯಾಮೆರಾ ಕಣ್ಣಿಗೆ ಹಿಡಿದೆ. ಅಷ್ಟರಲ್ಲಿ ವಾಕಿಂಗ್ ಬಂದ ಹಿರಿಯರೊಬ್ಬರು ಅದೇ ಯಜಮಾನರ ಕಾಂಪೌಂಡಿನಿಂದ ಹೊರಗೆ ಬಾಗಿದ್ದ ದಾಸವಾಳದ ಕೊಂಬೆಯನ್ನು ಛತ್ರಿಯ ಹಿಡಿಯಲ್ಲಿ ಎಳೆದು, ಪೂಜೆಗೆ ಹೂ ಕಿತ್ತು ಕವರಿಗೆ ತುಂಬುತ್ತಿದ್ದರು. ನನ್ನನ್ನು ಕಂಡು ಬೆವೆತರು. ನಾನು ತೆಗೆಯುತ್ತಿರುವುದು ಅವರ ಫೋಟೋವನ್ನೇ ಎಂದು ಅವರಿಗೆ ಖಾತ್ರಿಯಾಗಿತ್ತು. ಅಲ್ಲ, ಮರದ್ದು ಎಂದು ಹತ್ತಿರ ಹೋಗಿ ಸಮಾಧಾನ ಹೇಳಿದೆ.

"ನಿಮ್ಮನೇಲೂ ದೇವರಿದಾನೆ. ಎಲ್ಲಾ ನೀವೇ ಇಟ್ಕೊಳ್ಳಿ, ಯಾರಿಗೂ ತೋರಿಸ್ಬೇಡಿ," ಎಂದು ಕವರು, ಛತ್ರಿ ಎರಡನ್ನೂ ನನ್ನ ಕೈಗೆ ತುರುಕಿ ಓಟ ಕಿತ್ತರು.

ನಾನು ಅವನ್ನು ಕೆಳಗಿಟ್ಟು ಕ್ಯಾಮೆರಾ ಎತ್ತುವಷ್ಟರಲ್ಲಿ ಬಿಸಿಲು ಹೋಗಿತ್ತು. ಅತ್ತುಬಿಡೋಣ ಅನ್ನಿಸಿತು.

ಅರ್ಧ ಗಂಟೆಯಲ್ಲಿ ಬಡಾವಣೆಯ ವಾಟ್ಸಾಪ್ ಗುಂಪಿಗೆ ಯಜಮಾನರ ಮನೆಯ ಸಿಸಿಟಿವಿಯ ಚಿತ್ರ ಬಂತು. ದಾಸವಾಳದ ಪಕ್ಕ ನಾನು, ಒಂದು ಕೈಯಲ್ಲಿ ಕವರು, ಇನ್ನೊಂದರಲ್ಲಿ ಛತ್ರಿ. ಕೆಳಗೆ, "ಹೂ ಕಳ್ಳ ಸಿಕ್ಕಿದ." ನಾಚಿಕೆಯಿಂದ ಸತ್ತೇಹೋದೆ. ಆಮೇಲೆ ಸರಿಯಾಗಿ ನೋಡಿದೆ. ನನ್ನ ಹಿಂದೆ ಮೈತುಂಬ ಬಿಸಿಲು ಹೊದ್ದ ಮರ, ನೆಲದ ತುಂಬ ಹೂ, ಕಾರಿಲ್ಲ, ಕೇಬಲ್ಲೂ ಇಲ್ಲ. ಆರು ದಿನ ನಾನು ಒದ್ದಾಡಿದ್ದು ಇದೇ ಫೋಟೋಗೆ.

ಕೂಡಲೇ ಸಂಘದ ಕಾರ್ಯದರ್ಶಿಗಳ ಉತ್ತರ ಬಂತು: "ಸಖತ್ತಾಗಿದೆ. ಕ್ಯಾಲೆಂಡರ್‌ಗೆ ಇದೇ ಫೈನಲ್. ಕಳ್ಳನ್ನ ಕ್ರಾಪ್ ಮಾಡಿ."