ಬಾಗಿಲಿಲ್ಲದ ಮನೆಯ ಬಂಧುಗಳು

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದನಂತೆ. ಅವನ ಅರಮನೆಗೆ ಏಳು ಬಾಗಿಲು, ಏಳಕ್ಕೂ ಚಿನ್ನದ ಅಗುಳಿ. ನಮ್ಮ ಕತೆ ಆ ರಾಜನದಲ್ಲ. ಕಿರಂಗೂರಿನ ಚಲುವಯ್ಯನಿಗೆ ಇದ್ದದ್ದು ಒಂದೇ ಬಾಗಿಲು. ತೊಂಬತ್ತೈದನೇ ಇಸವಿಯ ಬೇಸಿಗೆಯಲ್ಲಿ ಕಳ್ಳನೊಬ್ಬ ಅದನ್ನೂ ಒದ್ದು ಮುರಿದು ಒಳಗೆ ಬಂದ. ಕದಿಯಲು ಏನೂ ಸಿಗದ ಸಿಟ್ಟಿಗೆ ಚಲುವಯ್ಯನ ಬಲಗೈ ಮುರಿದು, ರೇಡಿಯೋ ಎತ್ತಿಕೊಂಡು ಹೋದ.

ಆಮೇಲೆ ಆ ಮನೆಗೆ ಯಾರೂ ಬರಲಿಲ್ಲ. ಮುಂಚೆಯೂ ಯಾರೂ ಬರುತ್ತಿರಲಿಲ್ಲ ಎನ್ನಿ. ಹೆಂಡತಿ ಸತ್ತು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಕೆ.ಆರ್.ಎಸ್. ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದವನಿಗೆ ಕೈ ಮುರಿದ ಮೇಲೆ ಆ ಕೆಲಸವೂ ಹೋಯಿತು. ರೇಡಿಯೋ ಇದ್ದಾಗ ಮನೆಯಲ್ಲಿ ಒಂದು ದನಿಯಾದರೂ ಇತ್ತು. ಬಡಗಿ ನರಸಯ್ಯ ಮಾತ್ರ ಬೀದಿಯಲ್ಲಿ ಸಿಕ್ಕಾಗೆಲ್ಲ, "ನಾಳೀಕೆ ಬಾಗ್ಲು ಆಕ್ಕೊಡ್ತೀನಿ ಕಣ್ಲಾ, ಮಾತಂದ್ರೆ ಮಾತು" ಎನ್ನುತ್ತಿದ್ದ. ಆ ನಾಳೆಯೋ ಕೆರೆಗಿಳಿದ ಎಮ್ಮೆಯ ಹಾಗೆ, ಕರೆದಷ್ಟೂ ಒಳಕ್ಕೇ ಹೋಗುತ್ತಿತ್ತು.

ಹೀಗಿರುವಾಗ ತಾಲ್ಲೂಕು ಆಫೀಸಿನಿಂದ ಹೇಳಿಕಳಿಸಿದರು: ಕಳ್ಳರಿಂದ ಪೆಟ್ಟು ತಿಂದವರಿಗೆ ಸರ್ಕಾರದ ಪರಿಹಾರವಿದೆ, ಸೋಮವಾರ ಸಾಹೇಬರು ವಿಚಾರಣೆಗೆ ಬರುತ್ತಾರೆ. ಅದು ಬಂದರೆ ಕೈ ಕೂಡುವ ತನಕ ಮುದ್ದೆಗೆ ಚಿಂತೆಯಿಲ್ಲ, ಬರದಿದ್ದರೆ ಉಪವಾಸ.

ಸೋಮವಾರ ಬೆಳಗಾಗುವುದರೊಳಗೆ ಬಾಗಿಲಿಲ್ಲದ ಮನೆಯೊಳಗೆ ಅರ್ಧ ಊರಿತ್ತು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಶಂಕರ್, ಕೋರ್ಟು ಕಚೇರಿಯೆಲ್ಲ ಬಲ್ಲೆನೆಂಬವನು.

"ಹೊಳೆ ಉಕ್ಕಿದಾಗ ಜ್ಞಾಪ್ಕ ಇಲ್ವಾ? ತಲೆಗಿಷ್ಟು ಅಂತ ಅಕ್ಕಿ ಕೊಟ್ರು. ತಲೆ ಜಾಸ್ತಿ ಇದ್ದಷ್ಟೂ ದುಡ್ಡು ಜಾಸ್ತಿ ಕಣ್ಲಾ. ಇವತ್ತು ನಾನು ನಿನ್ ತಮ್ಮ."

"ನಾನು ತಂಗಿ," ಎಂದಳು ಎದುರು ಮನೆಯ ಪುಟ್ಟಗೌರಮ್ಮ. "ಬಂದಿದ್ರಲ್ಲಿ ನಂಗೂ ವಸಿ ಕೊಟ್ಬುಡಣ್ಣ, ಅಷ್ಟೇಯ."

"ನಂಗೆ ತಂಗೀನೇ ಇಲ್ವಲ್ಲವ್ವ."

"ಇವತ್ತಿಂದ ಅವ್ಳೆ. ಬಾಯ್ ಮುಚ್ಕೊಂಡು ಉಣ್ಣು!"

ಹಾಗೆಂದವಳೇ ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ, ಅವನ ಬಾಯಿಗಿಟ್ಟಳು. ಮುದ್ದೆ ಅಗಿಯುವಂಥದ್ದಲ್ಲ, ನುಂಗುವಂಥದ್ದು. ಆದರೂ ಚಲುವಯ್ಯ ಅಗಿದ, ಬೇಗ ಮುಗಿಯದಿರಲೆಂದು.

ಮಧ್ಯಾಹ್ನ ಜೀಪು ಬಂತು. ಸಾಹೇಬರು ಇಳಿದದ್ದೇ ತಡ, ಶಂಕರ್ "ಅಯ್ಯೋ ನಮ್ಮಣ್ಣ!" ಎಂದು ಹಾಲು ಕಾಣದ ಕರುವಿನಂತೆ ಕೂಗಿದ. ನರಸಯ್ಯ ತಾನು ಸೋದರಮಾವ ಎಂದ.

"ಮಾವನಿಗೆ ಅಳಿಯನಿಗಿಂತ ವಯಸ್ಸು ಕಮ್ಮಿ ಇದೆಯಲ್ಲ?"

"ನಮ್ಮವ್ವ ನನ್ನ ತಡವಾಗಿ ಎತ್ತಳು ಸ್ವಾಮಿ."

ಸಾಹೇಬರು ಎಲ್ಲರನ್ನೂ ಹೊರಗೆ ಹೋಗಿ ಎಂದರು. ಬಾಗಿಲಿಲ್ಲದ ಮನೆಯಲ್ಲಿ ಹೊರಗೆ ಯಾವುದು, ಒಳಗೆ ಯಾವುದು? ಯಾರೂ ಕದಲಲಿಲ್ಲ.

"ನೀನೇ ನಿಜ ಹೇಳಪ್ಪ. ಇವರೆಲ್ಲ ನಿನ್ನವರೇನಾ? ಇಲ್ಲಾ, ನಿನಗೆ ಯಾರೂ ಇಲ್ವಾ?"

ಸುಳ್ಳು ಚಲುವಯ್ಯನ ಬಾಯಿಗೆ ಒಗ್ಗಿದ್ದಲ್ಲ. 'ಯಾರೂ ಇಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಪುಟ್ಟಗೌರಮ್ಮ ಅವನ ಗಲ್ಲಕ್ಕಂಟಿದ್ದ ಸಾರನ್ನು ಸೆರಗಿನಿಂದ ಒರೆಸಿ, "ಅದ್ಯಾಕಣ್ಣ ಎದ್ರುಕೊತೀಯಾ?" ಎಂದಳು.

"ಎಲ್ಲ ನಮ್ಮೋರೇ ಸ್ವಾಮಿ," ಎಂದ ಚಲುವಯ್ಯ. ಒಮ್ಮೆ ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. "ನಂಗೇನ್ ಕಮ್ಮಿ? ಕೈ ಮುರಿದಾಗಿಂದ ಇವ್ರೇ ಉಣ್ಣಿಸ್ತಾವ್ರೆ."

ಸಾಹೇಬರ ಮುಖ ಅರಳಿತು. "ಪುಣ್ಯವಂತ ಕಣಯ್ಯ ನೀನು! ಈ ಪರಿಹಾರ ದಿಕ್ಕಿಲ್ಲದವರಿಗೆ, ನೋಡಿಕೊಳ್ಳೋರು ಯಾರೂ ಇಲ್ಲದವರಿಗೆ ಮಾತ್ರ. ನೀನು ಒಂಟಿ ಅಂತ ತಿಳ್ಕೊಂಡು ಮಂಜೂರು ಮಾಡೋಕೇ ಬಂದಿದ್ದೆ. ಸದ್ಯ, ಇನ್ನೊಬ್ಬ ಬಡವನಿಗಾಯ್ತು."

ಜೀಪಿನ ಧೂಳು ಇಳಿಯುವ ಮೊದಲೇ ತಮ್ಮ ಇಲ್ಲ. "ಒಲೆ ಮ್ಯಾಲೆ ಹಾಲಿಟ್ಟು ಬಂದಿವ್ನಿ" ಎಂದು ತಂಗಿಯೂ ತಟ್ಟೆ ಎತ್ತಿಕೊಂಡಳು.

"ಸಾರು ಚೆನ್ನಾಗಿತ್ತು ಕಣವ್ವ!" ಎಂದು ಚಲುವಯ್ಯ ಕೂಗಿದ. ಬೀದಿಯ ಕೋಳಿಯೊಂದು ತಿರುಗಿ ನೋಡಿತು.

ನರಸಯ್ಯ ತಲೆ ಕೆರೆದುಕೊಂಡು ಹೋದವನು ಸ್ವಲ್ಪ ಹೊತ್ತಿಗೆ ಹಲಗೆ, ಉಳಿ ಹೊತ್ತು ಬಂದ. "ಸೋದರ್ಮಾವ ಅಂದ್ಬುಟ್ಟೆ. ಇಷ್ಟಾದ್ರೂ ಮಾಡ್ಬೇಕಲ್ಲ." ಕರಿಘಟ್ಟದ ಮೇಲಿನ ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ನಿಂತಿತು.

"ಒಳಗೋಗಿ ಅಗುಳಿ ಆಕ್ಕೊ, ನೋಡಾನ."

ಚಲುವಯ್ಯ ಎಡಗೈಯಲ್ಲಿ ಅಗುಳಿ ಹಾಕಿದ. ಮನೆ ಕತ್ತಲಾಯಿತು. ಬೀದಿ, ಕೋಳಿ, ಮಾತು ಎಲ್ಲ ಒಮ್ಮೆಗೇ ದೂರ ಹೋದವು. ಆಗ ಯಾರೋ ಬಾಗಿಲು ಬಡಿದರು. ಆ ಮನೆಯ ಬಾಗಿಲನ್ನು ಯಾರಾದರೂ ಬಡಿದು ಎಷ್ಟು ಕಾಲವಾಗಿತ್ತೋ!

"ಯಾರು?" ಎಂದ, ಆಸೆಯಿಂದ.

"ಯಾರೂ ಇಲ್ಲ ಕಣ್ಲಾ," ಎಂದ ನರಸಯ್ಯ ಹೊರಗಿನಿಂದ. "ಗಟ್ಟಿಯಾಗೈತಾ ಅಂತ ನೋಡ್ದೆ. ಮುಗೀತು ನಿನ್ ಕೆಲ್ಸ."