ದುಂಡು ಮೊಹರಿಲ್ಲದ ಪತ್ರ

ಏಕನಾಥರಾಯರಿಗೆ ಯಾರೋ ಟೋಪಿ ಹಾಕಿದರಂತೆ ಎಂದರೆ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ರಾಯರಂತೂ ಎಲ್ಲರಿಗಿಂತ ಮೊದಲು ನಂಬುತ್ತಿರಲಿಲ್ಲ. ಧಾರವಾಡದ ಒಂದು ಸರಕಾರಿ ಕಚೇರಿಯ ಆವಕ-ಜಾವಕದ ಟೇಬಲ್ಲಿಗೆ ಮೂವತ್ತೊಂದು ವರ್ಷ ಕೂತು, ಒಳಗೆ ಬಂದ ಟಪಾಲಿಗೂ ಹೊರಗೆ ಹೋದ ಟಪಾಲಿಗೂ ನಂಬರು ಹಚ್ಚಿ ನಿವೃತ್ತರಾದ ಮನುಷ್ಯ ಅವರು. ಜಾವಕ ನಂಬರು, ತಾರೀಖು, ಸಹಿ, ಸಹಿಯ ಮೇಲೆ ಅರ್ಧ ಹತ್ತಿದ ದುಂಡು ಮೊಹರು. ಈ ನಾಲ್ಕೂ ಇದ್ದರೆ ಅದು ಪತ್ರ, ಇಲ್ಲದಿದ್ದರೆ ಚೂರು ಕಾಗದ. ಲಗ್ನಪತ್ರಿಕೆಗಳನ್ನು ಕೂಡ ಅವರು ಸ್ವಲ್ಪ ಸಂಶಯದಿಂದಲೇ ಓದುತ್ತಿದ್ದರು. (ತಮ್ಮ ಲಗ್ನದ್ದನ್ನೂ ಹಾಗೇ ಓದಿದ್ದರೆಂದು ಅವರ ಹೆಂಡತಿ ಕಾಶೀಬಾಯಿ ಹೇಳುವುದುಂಟು.)

ಎರಡು ಸಾವಿರದ ಆರನೇ ಇಸವಿಯಲ್ಲಿ ರಾಯರಿಗೂ ಒಂದು ಈ-ಮೇಲ್ ವಿಳಾಸವಿತ್ತು. ಮಗಳು ಪ್ರಾಚಿ ಲಗ್ನವಾಗಿ ಬೆಳಗಾವಿಗೆ ಹೋಗುವ ಮುಂಚೆ ಮಾಡಿಕೊಟ್ಟದ್ದು. ವಾರಕ್ಕೊಮ್ಮೆ ಬೆಂಗೇರಿಯಲ್ಲಿ ಮಕಬೂಲಸಾಬನ ಇಂಟರ್ನೆಟ್ ಅಂಗಡಿಗೆ ಹೋಗಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತು, ತಮ್ಮ ಟಪಾಲು ನೋಡಿ ಬರುತ್ತಿದ್ದರು. ಬಹಳ ಸಲ ಏನೂ ಬಂದಿರುತ್ತಿರಲಿಲ್ಲ.

ಅವತ್ತು ಬಂದಿತ್ತು. ಸಂತೆ ಮುಗಿಸಿಕೊಂಡು ಕಾಶೀಬಾಯಿಯೂ ಜೊತೆಗಿದ್ದರು.

"ಕಾಕಾರ, ಇದು ನಿಮಗಲ್ಲರಿ, ಕಾಕುಗ ಬಂದೈತಿ," ಎಂದ ಮಕಬೂಲಸಾಬ.

ಗೋಕುಲ ರಸ್ತೆಯ ವಸ್ತುಪ್ರದರ್ಶನದಲ್ಲಿ ಕಾಶೀಬಾಯಿ ಒಂದು ಹಿಟ್ಟಿನ ಮಳಿಗೆಯಲ್ಲಿ ಚೀಟಿ ತುಂಬಿ, ಗಂಡನ ಈ-ಮೇಲ್ ವಿಳಾಸ ಬರೆದು ಬಂದಿದ್ದರು. ಪುಣೆಯ ಆ ಕಂಪನಿಯವರೇ ಬರೆದಿದ್ದರು. ಪ್ರಿಯ ಕಾಶೀಬಾಯಿ ಅವರಿಗೆ, ಜೋಳದ ಹಿಟ್ಟಿನ ಬಗ್ಗೆ ನಿಮ್ಮ ಅಭಿಪ್ರಾಯ ನಮಗೆ ಬೇಕು. ಹನ್ನೆರಡು ಪ್ರಶ್ನೆಗೆ ಉತ್ತರ ಕಳಿಸಿರಿ. ಆಮೇಲೆ ಹುಬ್ಬಳ್ಳಿಯಲ್ಲೇ ಒಂದು ಮಧ್ಯಾಹ್ನ ಕರೆದು ಮಾತಾಡಿಸುತ್ತೇವೆ, ಮುನ್ನೂರು ರೂಪಾಯಿ ಗೌರವಧನ ಕೊಡುತ್ತೇವೆ.

ಕಾಶೀಬಾಯಿ ಅದನ್ನು ಎರಡು ಸಲ ಓದಿಸಿದರು. ಹಿಟ್ಟು ಹಳೆಯದೆಂದು ನಿಮಗೆ ಹೇಗೆ ತಿಳಿಯುತ್ತದೆ ಎಂಬುದು ಮೊದಲನೇ ಪ್ರಶ್ನೆ. ಮೆಂತೆಯ ಚೀಲ ಕಂಕುಳಲ್ಲಿದ್ದಂತೆಯೇ ಅವರು ಉತ್ತರ ಶುರು ಮಾಡಿಬಿಟ್ಟರು.

"ಬಿಸಿನೀರು ಹಾಕಿದ ಕೂಡ್ಲೆ ಗೊತ್ತಾಗ್ತದಪಾ. ಜಿಗಿ ಬರೂದಿಲ್ಲ. ಬಡಿಯೂಮುಂದ ಅಂಚು ಸೀಳ್ತಾವ."

"ತಡಿ," ಎಂದರು ರಾಯರು. ಕನ್ನಡಕ ಏರಿಸಿ ಪರದೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಕೂಲಂಕಷವಾಗಿ ಪರಿಶೀಲಿಸಿದರು. "ಜಾವಕ ನಂಬರ್ ಎಲ್ಲದ? ಸಹಿ ಎಲ್ಲದ? ದುಂಡು ಸಿಕ್ಕಾ ಎಲ್ಲದ? ಮ್ಯಾಲ ಪ್ರಿಯ ಅಂತ ಬ್ಯಾರೆ ಬರದಾರ. ಯಾವ ಕಚೇರಿ ಹಂಗ ಬರೀತದ?"

"ಈ-ಮೇಲಿಗೆ ಸಿಕ್ಕಾ ಇರೂದಿಲ್ರಿ ಕಾಕಾರ. ಅವರೇನು ನಿಮಗ ರೊಕ್ಕ ಕೇಳಾಕತ್ತಿಲ್ಲಲ್ಲ, ಕಳ್ಸಿ ನೋಡ್ರಲಾ."

"ಕೇಳಿಲ್ಲ, ಅದಕ್ಕ ನನಗ ಸಂಶೆ." ಇಲ್ಲಿಗೆ ನಿಲ್ಲಿಸಿದ್ದರೆ ರಾಯರು ಬದುಕುತ್ತಿದ್ದರು. ಆದರೆ ಬಾಯಿಗೆ ಜಾವಕ ನಂಬರು ಹಚ್ಚುವ ರೂಢಿ ಅವರಿಗಿರಲಿಲ್ಲ. "ಅಲ್ಲ ಕಾಶಿ, ನಿನ್ನ ಅಭಿಪ್ರಾಯಕ್ಕ ರೊಕ್ಕ ಕೊಡೋವ ಯಾವ ಹುಚ್ಚ ಅದಾನ? ಮೂವತ್ತು ವರ್ಷ ನಾ ಪುಕ್ಕಟೆ ಕೇಳೇನಿ," ಎಂದು ನಕ್ಕರು. ಮಕಬೂಲಸಾಬ ನಗಲಿಲ್ಲ.

ಕಾಶೀಬಾಯಿ ಚೀಲವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿಕೊಂಡರು. "ಮೆಂತೆ ಬಾಡ್ತದ. ನಡೀರಿ," ಎಂದರು.

ಹದಿನೈದು ದಿನ ಕಳೆದಿರಬೇಕು. ಮಕಬೂಲಸಾಬನ ತಾಯಿ ಬಿಬಿಜಾನ ಒಂದು ಹಿಟ್ಟಿನ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದಳು. ಪ್ರದರ್ಶನದಲ್ಲಿ ಅವಳೂ ಚೀಟಿ ತುಂಬಿದ್ದಳು, ಅವಳಿಗೂ ಅದೇ ಪತ್ರ ಬಂದಿತ್ತು, ಮಗ ಉತ್ತರ ಟೈಪು ಮಾಡಿ ಕಳಿಸಿದ್ದ. ಹೋಟೆಲಿನಲ್ಲಿ ಕೂಡಿಸಿ, ಚಹಾ ಕೊಟ್ಟು, ಎರಡು ತಾಸು ಮಾತಾಡಿಸಿ, ಹೇಳಿದಷ್ಟೂ ಗೌರವಧನ ಕೈಯಲ್ಲಿಟ್ಟು ಕಳಿಸಿದ್ದರು.

"ನೀವು ಅವತ್ತು ಅಂದದ್ದು ಮಕಬೂಲ ಹೇಳಿದ್ದರಿ ಕಾಶೀಬಾಯಾರ. ಜಿಗಿ, ಅಂಚು ಸೀಳೂದು, ಅದನ್ನ ಹೇಳಿದ್ನಿ. ಆ ಕಂಪನಿ ಹುಡುಗಿ ಬರಕೊಂಡಿದ್ದ ಬರಕೊಂಡಿದ್ದು. ನೀವು ಬಂದಿದ್ರ ನನಗಿಂತ ಛಲೋ ಹೇಳ್ತಿದ್ರಿ."

ರಾಯರು ಪೇಪರಿನ ಹಿಂದೆ ಇದ್ದರು. ಅದೇ ಪುಟದಲ್ಲಿ ಬಹಳ ಹೊತ್ತು ಇದ್ದರು. ಬಿಬಿಜಾನ ಹೋದ ಮೇಲೆ ಕಾಶೀಬಾಯಿ ಆ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ರೊಟ್ಟಿ ಬಡಿದರು. ಅಂಚು ಸೀಳಲಿಲ್ಲ. "ಹಿಟ್ಟು ಛಲೋ ಅದ," ಎಂದು ಹಂಚಿಗೆ ಹೇಳಿದರು.

ಬೈದಿದ್ದರೆ ರಾಯರಿಗೆ ಹಾಯೆನಿಸುತ್ತಿತ್ತು. ಬೈಯಲಿಲ್ಲ. ಕೇಳುವವರು ಪುಣೆಯಿಂದ ಹುಬ್ಬಳ್ಳಿ ತನಕ ಬಂದಿದ್ದರು, ಅಡ್ಡ ನಿಂತವರು ತಾವು. ಹೇಗಾದರೂ ಮಾಡಿ ಕಾಶಿಯ ಅಭಿಪ್ರಾಯ ಕೇಳುವ ಇನ್ನೊಂದು ಕಂಪನಿ ಹುಡುಕಲೇಬೇಕೆಂದು ನಿಶ್ಚಯಿಸಿದರು.

ಹುಡುಕಿದವರಿಗೆ ಸಿಗುವುದೇನು ಕಷ್ಟ? ಇಂಥದೇ ಕೆಲಸವಿದೆಯೇ ಎಂದು ಕಂಡಕಂಡಲ್ಲಿ ತಮ್ಮ ವಿಳಾಸ ಕೊಟ್ಟು ಬಂದದ್ದಕ್ಕೆ ಮುಂದಿನ ವಾರವೇ ಈ-ಮೇಲಿನಲ್ಲಿ ದಿಲ್ಲಿಯ ಪತ್ರವೊಂದರ ಫೋಟೋ ಬಂತು. ಅಖಿಲ ಭಾರತ ಗೃಹಿಣಿಯರ ಅಭಿಪ್ರಾಯ ಸಮೀಕ್ಷೆ. ಇಪ್ಪತ್ತು ಪ್ರಶ್ನೆ, ಒಂದೊಂದು ಉತ್ತರಕ್ಕೆ ನೂರು ರೂಪಾಯಿ. ನೋಂದಣಿ ಶುಲ್ಕ ಮಾತ್ರ ಐನೂರು. ಆದರೆ ಏನು ಪತ್ರ ಅದು! ಮೂರು ಓರೆಗೆರೆಯ ಜಾವಕ ನಂಬರು, ತಾರೀಖು, ಹಸಿರು ಶಾಯಿಯ ಸಹಿ, ಸಹಿಯ ಮೇಲೆ ಸರಿಯಾಗಿ ಅರ್ಧ ಹತ್ತಿದ ದುಂಡು ಮೊಹರು. ರಾಯರ ಕಣ್ಣು ತೇವವಾದವು. ಈ ಸಲ ಮಕಬೂಲಸಾಬನನ್ನು ಏನೂ ಕೇಳದೆ, ಅಚ್ಚು ಹಾಕಿಸಿಕೊಂಡು ನೆಟ್ಟಗೆ ಪೋಸ್ಟಾಫೀಸಿಗೆ ನಡೆದರು.

ಮನೆಗೆ ಬಂದು ಕಾಗದವನ್ನು ಹೆಂಡತಿಯ ಮುಂದೆ ಹಿಡಿದರು. "ನೋಡು, ಇದಕ್ಕಂತಾರ ಪತ್ರ."

ಕಾಶೀಬಾಯಿ ಮೇಲಿಂದ ಕೆಳಗೆ ನೋಡಿದರು. "ಮನಿಆರ್ಡರ್ ಆಗಲೇ ಮಾಡಿ ಬಂದೀರೇನು?"

"ಮಾಡಿ ಬಂದೇನಿ."

ಕಾಶೀಬಾಯಿ ಕಾಗದವನ್ನು ಮಡಿಸಿ ರಾಯರ ಕೈಗೆ ಕೊಟ್ಟರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಕೂತರು. "ಹಂಗಾದ್ರ ಕೇಳ್ರಿ."

ಎರಡು ಸಂಜೆ ರಾಯರು ಕೇಳಿದರು, ಕಾಶೀಬಾಯಿ ಹೇಳಿದರು. ಚಹಾಪುಡಿಯಿಂದ ಶುರುವಾದದ್ದು ಏಳನೇ ಪ್ರಶ್ನೆಗೆ ಬಂದು ನಿಂತಿತು. ನಿಮ್ಮ ಮನೆಯಲ್ಲಿ ಒಂದೇ ಒಂದನ್ನು ಬದಲಿಸುವುದಾದರೆ ಏನು ಬದಲಿಸುತ್ತೀರಿ?

"ಅಡಗಿಮನಿ ಕಿಟಕಿ," ಎಂದರು ಕಾಶೀಬಾಯಿ, ಒಂದು ಕ್ಷಣವೂ ಯೋಚಿಸದೆ. "ಪಶ್ಚಿಮಕ್ಕದ. ಸಂಜಿಮುಂದ ರೊಟ್ಟಿ ಮಾಡೂಮುಂದ ಬಿಸಲು ನೆಟ್ಟಗ ಕಣ್ಣಿಗೆ ಹೊಡೀತದ. ಹದಿನೆಂಟು ವರ್ಷಾತು."

ಸಂಜೆ ಅಡಿಗೆಮನೆಯಲ್ಲಿ ಕಾಣುತ್ತಿದ್ದ ಹೆಂಡತಿಯ ಕಣ್ಣೀರು ಉಳ್ಳಾಗಡ್ಡಿ ಹೆಚ್ಚಿದ್ದರದೆಂದು ರಾಯರು ಇಷ್ಟು ವರ್ಷ ತಿಳಿದಿದ್ದರು. "ಮತ್ತ ನೀ ಹೇಳೇ ಇಲ್ಲಲ್ಲ?"

"ಮನಿ ಖರೀದಿ ಆದ ಮ್ಯಾಲ ಕರಕೊಂಡು ಬಂದು ತೋರ್ಸಿದ್ರಿ. ಯಾವಾಗ ಹೇಳಬೇಕಿತ್ತು?"

ರಾಯರ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ಆಮೇಲೆ ಕಚೇರಿಯ ದುಂಡು ಅಕ್ಷರದಲ್ಲಿ ಬರೆದುಕೊಂಡರು. ಕಿಟಕಿ, ಪಶ್ಚಿಮ, ಹದಿನೆಂಟು ವರ್ಷ. ಅಷ್ಟು ಬರೆಯುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲಿನ ಪ್ರಶ್ನೆಗಳನ್ನು ಅವರು ಮೆತ್ತಗೆ ಕೇಳಿದರು.

ಶನಿವಾರ ಮಕಬೂಲಸಾಬ ಇಪ್ಪತ್ತೂ ಉತ್ತರ ಟೈಪು ಮಾಡಿ ಕಳಿಸಿದ. ಐದು ನಿಮಿಷದಲ್ಲಿ ಉತ್ತರ ಬಂತು. ರಾಯರು ಹಿಗ್ಗಿದರು.

"ಕಾಕಾರ, ನಾವು ಕಳಿಸಿದ್ದ ಹಿಂದ ಬಂದೈತ್ರಿ. ಇಂಥಾ ವಿಳಾಸ ಇಲ್ಲಂತ," ಎಂದ ಅವನು, ಅವರ ಮುಖ ನೋಡದೆ. "ನನಗ ಒಂದ ಮಾತ ಕೇಳಿದ್ರ..."

ಕೇಳಿರಲಿಲ್ಲ. ಯಾರನ್ನೂ ಕೇಳದೆ ಮಾಡುವುದು ರಾಯರ ಹಳೆಯ ಪದ್ಧತಿ. ವಿಳಾಸದಾರ ಪತ್ತೆಯಿಲ್ಲ ಎಂದು ಮೂವತ್ತೊಂದು ವರ್ಷ ಎಷ್ಟೋ ಲಕೋಟೆಗಳ ಮೇಲೆ ಓದಿದ್ದರು. ತಮ್ಮದರ ಮೇಲೆ ಓದಿದ್ದು ಇದೇ ಮೊದಲು. ಗೋಪನಕೊಪ್ಪದ ತನಕ ಆಟೋ ಹತ್ತದೆ ನಡೆದೇ ಬಂದರು. ಹಣ ಹೋದದ್ದಕ್ಕಿಂತ, ಕಾಶಿಗೆ ಎರಡನೇ ಸಲವೂ ಹೀಗಾಯಿತಲ್ಲ ಎಂದು ಹೇಳಲಾರದ ನಾಚಿಕೆ.

ಸಂಜೆಯಾಗಿತ್ತು. ಕಾಶೀಬಾಯಿ ರೊಟ್ಟಿ ಬಡಿಯುತ್ತಿದ್ದರು. ಕಿಟಕಿಯ ಬಿಸಿಲು ಮುಖದ ಮೇಲಿತ್ತು.

"ಕಾಶಿ, ಅದು ಖೊಟ್ಟಿ ಇತ್ತು. ನನ್ನದು ತಪ್ಪಾತು. ಮೊದಲನೇದೂ ತಪ್ಪು, ಎರಡನೇದೂ ತಪ್ಪು."

"ಗೊತ್ತದ."

"ಯಾವಾಗಿಂದ?"

"ನೀವು ಕಾಗದ ತೋರಿಸಿದಾಗಿಂದ. ನನ್ನ ಮಾತು ಬೇಕಾದವರು ನನಗ ಯಾಕ ರೊಕ್ಕ ಕೇಳ್ತಾರ?"

"ಮತ್ತ ಎರಡು ದಿವಸ ಕೂತು ಯಾಕ ಹೇಳಿದಿ?"

"ರೊಕ್ಕಂತೂ ಹೋಗಿತ್ತು. ನೀವು ಕೇಳಲಿಕ್ಕತ್ತಿದ್ರಿ, ಅದೂ ಬರಕೊಂಡು." ಕಾಶೀಬಾಯಿ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದರು. "ಅವತ್ತು ಮಕಬೂಲನ ಮುಂದ ಅಂದಿದ್ರಲ್ಲ, ನನ್ನ ಅಭಿಪ್ರಾಯಕ್ಕ ರೊಕ್ಕ ಕೊಡೋವ ಯಾವ ಹುಚ್ಚ ಅದಾನಂತ. ಆ ಹುಚ್ಚ ಇಲ್ಲೇ ಅದಾನ, ಐನೂರು ಕೊಟ್ಟು ಬಂದ ನೋಡ್ರಿ. ಮನಿಆರ್ಡರ್ ಖರ್ಚು ಬ್ಯಾರೆ."

ರಾಯರಿಗೆ ಏನಾದರೂ ಮಾಡಲೇಬೇಕೆನಿಸಿ, ಎರಡು ಹೆಜ್ಜೆ ನಡೆದು, ಬಿಸಿಲು ಹೆಂಡತಿಯ ಕಣ್ಣಿಗೆ ಬೀಳದಂತೆ ಕಿಟಕಿಗೆ ಅಡ್ಡಲಾಗಿ ನಿಂತರು. ಹದಿನೆಂಟು ವರ್ಷದ ತಪ್ಪನ್ನು ಬೆನ್ನ ಮೇಲೆ ಹೊತ್ತು ನಿಂತಂತೆ ಅವರಿಗೆ ಅನಿಸಿತು.

"ಸರೀರಿ ಅತ್ಲಾಗ, ರೊಟ್ಟಿ ಕಾಣವಲ್ದು," ಎಂದರು ಕಾಶೀಬಾಯಿ. "ಏನರ ಮಾಡೂಕಿಂತ ಮೊದಲ ನನಗ ಒಂದು ಮಾತು ಕೇಳ್ರಿ. ಇನ್ನ ಮ್ಯಾಲ ಪುಕ್ಕಟೆ ಹೇಳ್ತೇನಿ."